ಮೂಗು ತೂರುವಷ್ಟು ಕಂಡಿ

ಹೊಳೆ ಬಾಗುವಲ್ಲಿ ಜೊಂಡು ದಟ್ಟವಾಗಿ ಬೆಳೆದಿತ್ತು. ಜೊಂಡಿನ ಹಿಂದೆ, ತುಸು ಎತ್ತರದಲ್ಲಿ, ಚೆನ್ನವೀರಯ್ಯ ಗುರುಗಳ ಆಶ್ರಮ.

ಅಲ್ಲಿ ಜಪಕ್ಕಿಂತ ಚಾಪೆ ಹೆಣೆಯುವ ಕೆಲಸವೇ ಹೆಚ್ಚು. ಗುರುಗಳೂ ಹೆಣೆಯುತ್ತಿದ್ದರು, ಶಿಷ್ಯರೂ ಹೆಣೆಯುತ್ತಿದ್ದರು. ಪಾಠಕ್ಕೆಂದು ಬೇರೆ ಹೊತ್ತು ಇರಲಿಲ್ಲ.

ಆಶ್ರಮಕ್ಕೆ ಒಂದು ಕಟ್ಟಳೆಯಿತ್ತು. ಹೊಸದಾಗಿ ಬಂದವರು ಜಗಲಿಯ ಮೇಲೆ ಕಾದಿರಬೇಕು. ಗುರುಗಳು ಅವರನ್ನು ಒಳಗೆ ಕರೆಯುವುದಿಲ್ಲ. ಒಳಗಿದ್ದವರಲ್ಲಿ ಎಲ್ಲರಿಗಿಂತ ಕಡೆಗೆ ಬಂದವರು ಯಾರೋ ಅವರೇ ಕರೆಯಬೇಕು.

"ಹಿರಿಯರೇಕೆ ಕರೆಯಬಾರದು?" ಎಂದು ಯಾರೋ ಒಮ್ಮೆ ಕೇಳಿದ್ದರು.

"ತನ್ನ ಜಾಗ ಎಲ್ಲಿ ಹೋದೀತೋ ಎಂಬ ಅಂಜಿಕೆ ಇರುವುದು ಕಡೆಯವನಿಗೆ" ಎಂದಿದ್ದರು ಗುರುಗಳು. "ಅವನು ಸರಿದು ಕುಳಿತರೆ ಮಾತ್ರ ಜಾಗವಾಗುತ್ತದೆ."

ಇಂದುಧರನೆಂಬ ತರುಣ ಬಂದಾಗ ಕಡೆಯವಳಾಗಿದ್ದವಳು ಅಡುಗೆಯ ದಾನಕ್ಕ. ಅವಳು ಅವನನ್ನು ಬೇಗನೆ ಕರೆದಿರಲಿಲ್ಲ. ಆ ಕಾಯುವಿಕೆಯನ್ನು ಇಂದುಧರ ಇನ್ನೂ ಮರೆತಿರಲಿಲ್ಲ. ಒಳಗೆ ಬಂದ ಮೇಲೂ ಅವನ ಬಟ್ಟೆಯ ಗಂಟು ಬಾಗಿಲ ಪಕ್ಕದಲ್ಲೇ ಉಳಿದಿತ್ತು.

ಇಂದುಧರನ ನಂತರ ಬಂದದ್ದು ಒಂದು ನಾಯಿ. ಕೆಂಚು ಮೈ, ಸೀಳಿದ ಕಿವಿ. ಕರೆಯುವ ಸರದಿ ಇಂದುಧರನದು. ಅವನು ಕೂಡಲೇ ಕರೆದ. ನಾಯಿಗೆ ಕೆಂಚನೆಂದು ಹೆಸರಾಯಿತು.

ಆಮೇಲೆ ಯಾರೂ ಬಂದಿರಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಇಂದುಧರ ಜೊಂಡು ಕೊಯ್ಯಲು ಹೊಳೆಗಿಳಿದ. ನೆರೆ ತಂದು ನಿಲ್ಲಿಸಿದ್ದ ಕಸದ ರಾಶಿಯ ಮೇಲಿಂದ ಸಣ್ಣದೊಂದು ಕೀರಲು ದನಿ ಕೇಳಿಸಿತು.

ಬೂದಿ ಬಣ್ಣದ ಬೆಕ್ಕಿನ ಮರಿ. ನೆನೆದ ಮೈ ಬೆರಳಿನಷ್ಟು ತೆಳ್ಳಗಾಗಿತ್ತು. ಬಾಯಿ ಮಾತ್ರ ದೊಡ್ಡದು.

ತಾಯಿ ಬರಬಹುದೆಂದು ಅವನು ದೂರ ನಿಂತು ಕಾದ. ತಾಯಿ ಬರಲಿಲ್ಲ. ನೀರು ಮಾತ್ರ ಏರುತ್ತಿತ್ತು.

ಅವನು ಮರಿಯನ್ನು ಶಲ್ಯದಲ್ಲಿ ಸುತ್ತಿಕೊಂಡ. ಎದುರು ಬಾಗಿಲಿಗೆ ಹೋಗದೆ ಸುತ್ತು ಹಾಕಿ ಹಿತ್ತಲಿಗೆ ಬಂದ. ಜಗಲಿಯ ಮೇಲೆ ಕೆಂಚ ಮಲಗಿದ್ದ.

ಹಿಂದಿನ ಬೇಸಿಗೆಯಲ್ಲಿ ಕೆಂಚ ಒಂದು ಮೊಲವನ್ನು ಕೊಂದು ತಂದು ಗುರುಗಳ ಮುಂದಿಟ್ಟು ಬಾಲವಾಡಿಸಿದ್ದ. ಮೊಲವನ್ನು ಹೂಳಿದವನು ಇಂದುಧರ. ಅದರ ಕತ್ತು ಅಂಗೈಯಿಂದಾಚೆ ಜೋತುಬಿದ್ದದ್ದು ಅವನ ಕಣ್ಣ ಮುಂದೆ ಬಂತು.

ಜೊಂಡು ಒಟ್ಟುವ ಕೊಟ್ಟಿಗೆಯಲ್ಲಿ ಮುಚ್ಚಳದ ಪೆಟ್ಟಿಗೆಯೊಂದಿತ್ತು. ಮರಿಯನ್ನು ಅದರಲ್ಲಿಟ್ಟ. ಹಗ್ಗ ಹುಡುಕಿ ತಂದು ಕೆಂಚನನ್ನು ಹುಣಸೆಮರಕ್ಕೆ ಕಟ್ಟಿದ.

ಕೆಂಚನನ್ನು ಯಾರೂ ಎಂದೂ ಕಟ್ಟಿರಲಿಲ್ಲ. ಅವನು ಮೊದಲು ಹಗ್ಗವನ್ನು ನೋಡಿದ, ಆಮೇಲೆ ಇಂದುಧರನನ್ನು ನೋಡಿದ. ನಂತರ ಊಳಿಡತೊಡಗಿದ.

ಗುರುಗಳು ಚಾಪೆಯಿಂದ ತಲೆಯೆತ್ತಿದರು.

"ಇಂದುಧರ, ಏನನ್ನು ಬಚ್ಚಿಟ್ಟೆ?"

"ಏನೂ ಇಲ್ಲ, ಗುರುಗಳೇ."

"ಏನೂ ಇಲ್ಲದ್ದಕ್ಕೆ ಹಸಿವಾಗಿದೆ. ಕೂಗುತ್ತಿದೆ, ಕೇಳು."

ಇಂದುಧರ ತಲೆತಗ್ಗಿಸಿದ. ಪೆಟ್ಟಿಗೆಯನ್ನು ತಂದು ಗುರುಗಳ ಮುಂದಿಟ್ಟ.

ಅಡುಗೆಮನೆಯಿಂದ ದಾನಕ್ಕ ಇಣುಕಿದಳು. "ಅಯ್ಯೋ ಶಿವನೇ! ಇದ್ಯಾವ ಸೀಮೆ ಬೆಕ್ಕಪ್ಪ? ಒದ್ದೆ ಬತ್ತಿ ಇದ್ದ ಹಾಗಿದೆ." ಹಾಗೆನ್ನುತ್ತಲೇ ಒಳಗೆ ಹೋಗಿ ಹಾಲಿಗೆ ನೀರು ಬೆರೆಸಿ ತಂದಳು.

ಮರಿ ನೆಕ್ಕಿತು. ಅತ್ತ ಕೆಂಚ ಹಗ್ಗ ಜಗ್ಗುತ್ತಲೇ ಇದ್ದ.

"ಅವನನ್ನೇಕೆ ಕಟ್ಟಿದೆ?"

"ಇದನ್ನು ಕೊಂದುಬಿಡುತ್ತಾನೆ, ಗುರುಗಳೇ."

"ಇದನ್ನು ನೋಡಿದ್ದಾನೆಯೇ?"

"ಇಲ್ಲ."

"ನೋಡುವ ಮೊದಲೇ ಶಿಕ್ಷೆ ಅನುಭವಿಸುತ್ತಿದ್ದಾನೆ. ಇದರ ವಾಸನೆ ಬಂತು, ಅದರ ಜೊತೆಗೆ ಹಗ್ಗವೂ ಬಂತು. ಅವನು ಏನೆಂದು ತಿಳಿಯಬೇಕು?"

ಇಂದುಧರ ಹೊಳೆಯ ಕಡೆ ಕೈ ತೋರಿದ.

"ಹೊಳೆಯಾಚೆ ದೋಣಿಯವರಿಗೆ ನಾಯಿ ಬೇಕಂತೆ" ಎಂದ, ಮೆಲ್ಲಗೆ. "ಕೆಲವು ದಿನ ಕೆಂಚನನ್ನು ಅಲ್ಲಿ ಬಿಟ್ಟರೆ ಹೇಗೆ?"

"ಅವನನ್ನು ಒಳಗೆ ಕರೆದವರು ಯಾರು?"

"ನಾನು."

"ಕರೆದ ದನಿಯಲ್ಲೇ ಹೋಗೆಂದು ಹೇಳಿ ಬಾ. ಆಮೇಲೆ ದೋಣಿಯ ಮಾತು."

ಇಂದುಧರ ಹುಣಸೆಮರದ ಬಳಿಗೆ ಹೋದ. ಅವನನ್ನು ಕಂಡದ್ದೇ ಕೆಂಚ ಊಳಿಡುವುದನ್ನು ನಿಲ್ಲಿಸಿ ಬಾಲವಾಡಿಸಿದ. ಇಂದುಧರ ಅವನ ತಲೆ ಸವರಿದ. ಹಾಗೆಯೇ ಹಿಂದಿರುಗಿದ.

"ಹೇಳಲಾಗಲಿಲ್ಲ."

"ಹಾಗಾದರೆ ಕಟ್ಟಳೆಯೇ ಉಳಿಯಿತು" ಎಂದರು ಗುರುಗಳು. "ಈಗ ನಮ್ಮಲ್ಲಿ ಕಡೆಗೆ ಬಂದವನು ಯಾರು?"

ಇಂದುಧರ ಹುಣಸೆಮರದ ಕಡೆ ನೋಡಿದ. "ಕೆಂಚ."

"ಹೂಂ. ಇದನ್ನು ಅವನು ಕರೆಯಬೇಕು."

"ಗುರುಗಳೇ, ಅದು ಮನುಷ್ಯರಿಗೆ ಮಾಡಿದ ಕಟ್ಟಳೆ!"

ದಾನಕ್ಕ ನಕ್ಕಳು. "ನೀನು ಬಂದು ಜಗಲಿ ಮೇಲೆ ಕೂತಾಗ ನಾನೇನು ಮನುಷ್ಯಳ ಹಾಗಿದ್ದೆನೇನೋ? ನಿನ್ನನ್ನು ಕಂಡರೆ ಕಚ್ಚಬೇಕು ಅನ್ನಿಸಿತ್ತು ನನಗೆ. ಇರೋ ರೊಟ್ಟಿಗೆ ಇನ್ನೊಂದು ಬಾಯಿ ಬಂತಲ್ಲ ಅಂತ."

"ಕಚ್ಚಲಿಲ್ಲವಲ್ಲ, ಅಕ್ಕ."

"ನಿನ್ನ ಮೈಯಲ್ಲಿ ಕಚ್ಚೋಕೆ ಏನಿತ್ತು, ಮಾರಾಯ?"

ಇಂದುಧರನಿಗೆ ನಗು ಬರಲಿಲ್ಲ. ಅವನು ಗುರುಗಳ ಕಡೆ ತಿರುಗಿದ.

"ಕಚ್ಚಿಬಿಟ್ಟರೆ?"

"ಕಚ್ಚಬಹುದು."

"ಕಚ್ಚುವುದಿಲ್ಲವೆಂದು ತಾವು ಹೇಳುವುದಿಲ್ಲವೇ?"

"ಕೆಂಚನ ಪರವಾಗಿ ನಾನು ಹೇಗೆ ಮಾತು ಕೊಡಲಿ?"

"ಇದು ಸತ್ತರೆ ನಾನು ಇಲ್ಲಿ ಇರಲಾರೆ, ಗುರುಗಳೇ. ಈ ಜಗಲಿಯ ಮೇಲೆ ಕಾಲಿಡಲಾರೆ."

ಗುರುಗಳು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಇದರಲ್ಲಿ ಒಂದೇ ಮರಿ ಇದೆ ಎಂದುಕೊಂಡಿದ್ದೆ" ಎಂದರು, ಇಂದುಧರನ ಕಡೆ ಕಣ್ಣೆತ್ತಿ.

ಆಮೇಲೆ ಚಾಪೆಯನ್ನು ಪಕ್ಕಕ್ಕೆ ಸರಿಸಿ ಬಿದಿರು ತರಿಸಿದರು. ಅದನ್ನು ಸೀಳಿದರು, ಹೆರೆದರು. ದೊಡ್ಡದೊಂದು ಬುಟ್ಟಿ ಹೆಣೆಯಲು ಕುಳಿತರು.

ಬುಟ್ಟಿಯ ಹೆಣಿಗೆ ವಿಚಿತ್ರವಾಗಿತ್ತು. ಸೀಳುಗಳ ನಡುವೆ ಉದ್ದಕ್ಕೂ ಕಂಡಿಗಳು. ಗುರುಗಳು ಆಗಾಗ ಎದ್ದು ಹೋಗಿ ಕೆಂಚನ ಮೂತಿಯನ್ನು ಬೆರಳಿನಿಂದ ಅಳೆದು ಬರುತ್ತಿದ್ದರು.

"ಕಂಡಿ ದೊಡ್ಡದಾಯಿತು, ಗುರುಗಳೇ."

"ಮೂಗು ತೂರಬೇಕು."

"ಬಾಯಿಯೂ ತೂರಿದರೆ?"

"ಹಲ್ಲು ತೂರಬಾರದು. ಅಷ್ಟನ್ನೇ ನೋಡುತ್ತಿದ್ದೇನೆ."

ಬುಟ್ಟಿ ಮುಗಿಯಿತು. ಜಗಲಿಯ ಮೇಲೆ ಮರಿಯನ್ನು ಬಿಟ್ಟು, ಮೇಲೆ ಬುಟ್ಟಿಯನ್ನು ಬೋರಲು ಹಾಕಿದರು. ಬುಟ್ಟಿಯ ಮೇಲೊಂದು ಕಲ್ಲನ್ನಿಟ್ಟರು. ಮರಿ ಮಲಗಿದ್ದ ಚಿಂದಿಯನ್ನು ಒಯ್ದು ಕೆಂಚನ ಅನ್ನದ ತಟ್ಟೆಯ ಕೆಳಗೆ ಹಾಸಿದರು. ಹಗ್ಗ ಬಿಚ್ಚಿದರು.

ಕೆಂಚ ಚಿಂದಿಯನ್ನು ಮೂಸಿದ. ಅನ್ನವನ್ನು ತಿಂದ. ಮತ್ತೆ ಚಿಂದಿಯನ್ನು ಮೂಸಿದ.

ನಂತರ ನೇರವಾಗಿ ಬುಟ್ಟಿಯ ಕಡೆಗೆ ನಡೆದ.

ಕೆಂಚನ ಮೂಗು ಕಂಡಿಯೊಳಗೆ ಹೋಯಿತು. ಒಳಗಿನಿಂದ ಪುಟ್ಟದೊಂದು ಬುಸುಗುಟ್ಟುವ ಸದ್ದು ಬಂತು. ಕೆಂಚ ಗುರ್ರೆಂದ. ಅವನ ಕತ್ತಿನ ಕೂದಲು ನಿಮಿರಿತು.

"ಕೆಂಚ!" ಇಂದುಧರ ಚೀರಿದ.

ಕೆಂಚ ಬೆಚ್ಚಿ ಹಿಂದೆ ಸರಿದು ಬೊಗಳತೊಡಗಿದ. ಮರಿ ಬುಟ್ಟಿಯ ಮೂಲೆಗೆ ಅಂಟಿಕೊಂಡಿತು.

"ಅವನು ಗುರ್ರೆಂದದ್ದು ಬೆಕ್ಕಿಗೆ" ಎಂದರು ಗುರುಗಳು. "ಬೊಗಳಿದ್ದು ನಿನಗೆ."

ಮರುದಿನ ಗುರುಗಳು ಸ್ನಾನಕ್ಕೆ ಹೊಳೆಗೆ ಹೋದರು. ದಾನಕ್ಕ ಒಲೆಯ ಮುಂದಿದ್ದಳು. ಇಂದುಧರ ಬುಟ್ಟಿಯನ್ನೇ ನೋಡುತ್ತ ಕುಳಿತಿದ್ದ.

ಒಂದು ಕಂಡಿ ಉಳಿದವುಗಳಿಗಿಂತ ಅಗಲವಾಗಿ ಕಂಡಿತು. ನೋಡುತ್ತ ನೋಡುತ್ತ ಅದರ ಪಕ್ಕದ್ದೂ ಅಗಲವಾಗಿ ಕಂಡಿತು. ಕೊನೆಗೆ ಎಲ್ಲ ಕಂಡಿಗಳೂ ಬಾಯಿ ತೆರೆದ ಹಾಗೆ ಕಂಡವು.

ಅವನು ಜೊಂಡು ತಂದು ಕಂಡಿಗಳಿಗೆ ತುರುಕಿದ. ಒಂದೊಂದನ್ನೂ ಬಿಗಿಯಾಗಿ ಮುಚ್ಚಿದ. ಮೇಲೆ ತನ್ನ ಶಲ್ಯವನ್ನು ಹೊದಿಸಿದ. ಆಗ ಅವನಿಗೆ ಸಮಾಧಾನವಾಯಿತು.

ಕೆಂಚ ಬಂದ. ವಾಸನೆಯಿತ್ತು, ಸದ್ದಿತ್ತು, ಕಾಣುವುದು ಮಾತ್ರ ಏನೂ ಇರಲಿಲ್ಲ. ಅವನು ಬುಟ್ಟಿಗೆ ಒಂದು ಸುತ್ತು ಬಂದ. ಮತ್ತೊಂದು ಸುತ್ತು ಬಂದ. ಕಾಲಿನಿಂದ ಕೆರೆದ. ಶಲ್ಯವನ್ನು ಕಚ್ಚಿ ಎಳೆದ.

"ಬೇಡ! ಹೋಗು! ಹೋಗೋ ಆಚೆ!"

ಕೂಗು ಹೆಚ್ಚಿದಂತೆ ಕೆರೆತವೂ ಹೆಚ್ಚಿತು. ಶಲ್ಯದ ಜೊತೆಗೆ ಕಲ್ಲು ಜಾರಿತು. ಬುಟ್ಟಿ ಮಗುಚಿ ಬಿತ್ತು.

ಬೂದಿಯ ಉಂಡೆಯೊಂದು ಜಗಲಿಯುದ್ದಕ್ಕೂ ಓಡಿತು. ಕೆಂಚ ಅದರ ಹಿಂದೆ ಹಾರಿದ. ಇಂದುಧರ ಅವೆರಡರ ನಡುವೆ ಬಿದ್ದ. ಮರಿಯನ್ನು ಬಾಚಿ ಎದೆಗೊತ್ತಿಕೊಂಡು ಎದ್ದ. ಕೆಂಚ ಅವನ ಎದೆಯೆತ್ತರಕ್ಕೆ ನೆಗೆಯತೊಡಗಿದ.

ಕೈಗೆ ಸಿಕ್ಕ ಬಿದಿರನ್ನು ಇಂದುಧರ ಎತ್ತಿದ.

"ಕೆಳಗಿಡು."

ಗುರುಗಳು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಬಳಿ ನಿಂತಿದ್ದರು.

"ಗುರುಗಳೇ, ನೋಡಿ! ರಕ್ತ! ನಾನು ಹೇಳಿರಲಿಲ್ಲವೇ?"

"ಬಿದಿರನ್ನು ಕೆಳಗಿಡು."

ಇಂದುಧರ ಕೆಳಗಿಟ್ಟ. ಅವನ ಮೈ ನಡುಗುತ್ತಿತ್ತು. ಕೆಂಚನೂ ನೆಗೆಯುವುದನ್ನು ಬಿಟ್ಟು ದೂರ ನಿಂತ. ಅವನ ಮೈಯೂ ನಡುಗುತ್ತಿತ್ತು.

ಗುರುಗಳು ಮೆಟ್ಟಿಲು ಹತ್ತಿ ಬಂದು ಇಂದುಧರನ ಅಂಗಿಯ ಗುಂಡಿ ಬಿಚ್ಚಿದರು. ಎದೆಯ ಮೇಲೆ ಸೂಜಿಯಲ್ಲಿ ಗೀರಿದಂತೆ ಸಣ್ಣ ಸಣ್ಣ ಗಾಯಗಳು.

"ಇದು ಯಾರ ಉಗುರು?"

ಇಂದುಧರ ನೋಡಿಕೊಂಡ. ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಕೆಂಚನ ಹಲ್ಲು ಎಲ್ಲಿಯೂ ತಾಕಿರಲಿಲ್ಲ.

"ಮರಿಯದು" ಎಂದ.

"ಕೆಂಚನಿಂದ ಕಾಪಾಡಲು ಎತ್ತಿಕೊಂಡೆ. ಅದು ನಿನ್ನಿಂದ ಬಿಡಿಸಿಕೊಳ್ಳಲು ಪರಚಿತು."

"ನಾನು ಅದಕ್ಕೆ ಏನು ಮಾಡಿದೆ?"

"ನಿನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿದೆ, ನೋಡು. ಅಷ್ಟು ಸಣ್ಣ ಜೀವ ಅಂಥ ನಗಾರಿಗೆ ಕಿವಿಯಿಟ್ಟು ನಿದ್ದೆ ಮಾಡೀತೇ?"

ಇಂದುಧರನ ಕಣ್ಣು ತುಂಬಿತು. ಸದ್ದು ಕೇಳಿ ಓಡಿ ಬಂದಿದ್ದ ದಾನಕ್ಕ ಮರಿಯನ್ನು ತೆಗೆದುಕೊಂಡಳು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಗಾಯಕ್ಕೆ ಅರಿಶಿನ ತರಲು ಒಳಗೆ ಹೋದಳು.

ಗುರುಗಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತುರುಕಿದ್ದ ಜೊಂಡನ್ನು ಒಂದೊಂದಾಗಿ ಕೀಳತೊಡಗಿದರು.

"ಕಂಡಿ ಮುಚ್ಚಿದ್ದು ತಪ್ಪೇ, ಗುರುಗಳೇ? ಗೋಡೆ ಇದ್ದರೆ ಜೀವಕ್ಕೆ ರಕ್ಷಣೆಯಲ್ಲವೇ?"

"ಗೋಡೆ ನಾನೂ ಹಾಕಿದ್ದೆನಲ್ಲ."

"ನಿಮ್ಮ ಗೋಡೆಗೆ ಕಂಡಿಯಿತ್ತು."

"ಅದಕ್ಕೇ ಅದನ್ನು ಮುಂದೊಂದು ದಿನ ಎತ್ತಬಹುದಿತ್ತು."

ಮರಿಯನ್ನು ಮತ್ತೆ ಬುಟ್ಟಿಯೊಳಗೆ ಬಿಟ್ಟರು. ಈ ಸಲ ಕಲ್ಲಿನ ಬದಲು ಬುಟ್ಟಿಯನ್ನು ನೆಲದ ಗೂಟಕ್ಕೆ ಕಟ್ಟಿದರು.

"ಇನ್ನು ನಾನು ಇದನ್ನು ಕಾಯಲೇ?"

"ಬೇಡ. ಇದರ ಪಕ್ಕ ಕುಳಿತು ಚಾಪೆ ಹೆಣೆ. ಕೆಂಚನನ್ನು ನೋಡಬೇಡ. ಬುಟ್ಟಿಯನ್ನೂ ನೋಡಬೇಡ. ಕಣ್ಣು ಎಳೆಯ ಮೇಲಿರಲಿ."

"ನೋಡದಿದ್ದರೆ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ?"

"ಚಾಪೆ ಹೇಳುತ್ತದೆ."

ಇಂದುಧರ ಹೆಣೆಯಲು ಕುಳಿತ. ಬೆನ್ನ ಹಿಂದೆ ಕೆಂಚನ ಉಗುರು ನೆಲಕ್ಕೆ ತಾಕುವ ಸದ್ದು. ಬುಟ್ಟಿಯ ಬಳಿ ಬಂತು, ನಿಂತಿತು. ಇಂದುಧರ ಎಳೆಯನ್ನು ಜಗ್ಗಿದ. ಇನ್ನೂ ಬಿಗಿಯಾಗಿ ಜಗ್ಗಿದ. ತಿರುಗಿ ನೋಡಬೇಕೆಂದು ಕತ್ತು ನೋಯುತ್ತಿತ್ತು.

ಸಂಜೆ ಗುರುಗಳು ಚಾಪೆಯನ್ನು ನೆಲದ ಮೇಲೆ ಹಾಸಿದರು. ಅದರ ನಾಲ್ಕು ಮೂಲೆಗಳೂ ಮೇಲೆದ್ದವು. ಒತ್ತಿದರೆ ಒಂದು ತಗ್ಗಿ ಇನ್ನೊಂದು ಏಳುತ್ತಿತ್ತು.

"ಇದರ ಮೇಲೆ ಯಾರು ಮಲಗಿಯಾರು?"

"ಯಾರೂ ಮಲಗಲಾರರು, ಗುರುಗಳೇ."

"ಬಿಚ್ಚು. ನಾಳೆ ಮತ್ತೆ ಹೆಣೆ."

ಮರುದಿನವೂ ಮೂಲೆ ಎದ್ದಿತು. ಅದರ ಮರುದಿನವೂ ಎದ್ದಿತು.

"ನಿನ್ನ ಚಾಪೆಯಲ್ಲಿ ಸಾರು ಬಡಿಸಬಹುದು ಕಣೋ" ಎಂದಳು ದಾನಕ್ಕ. "ಒಂದು ಹನಿ ಚೆಲ್ಲೋದಿಲ್ಲ."

"ಅಕ್ಕ, ಕೆಂಚ ಈಗ ಎಲ್ಲಿದ್ದಾನೆ? ಅದನ್ನಾದರೂ ಹೇಳು."

"ನಾನು ಹೇಳಿದರೆ ನನಗೂ ಚಾಪೆ ಹೆಣೆಯೋ ಶಿಕ್ಷೆ ಕೊಡ್ತಾರೆ. ನೀನುಂಟು, ನಿನ್ನ ಜೊಂಡುಂಟು."

ಬಿಚ್ಚಿ ಬಿಚ್ಚಿ ಜೊಂಡು ಮೆತ್ತಗಾಯಿತು. ಬೆರಳುಗಳೂ ದಣಿದವು. ಒಂದು ಮಧ್ಯಾಹ್ನ ಬಹಳ ಹೊತ್ತಿನಿಂದ ಉಗುರಿನ ಸದ್ದು ಕೇಳಿಸಿಲ್ಲವೆಂಬುದು ಇಂದುಧರನಿಗೆ ಹೊಳೆಯಿತು. ಎದೆ ಮತ್ತೆ ಹೊಡೆದುಕೊಂಡಿತು. ಕತ್ತು ತಿರುಗಿತು, ಅರ್ಧದಲ್ಲಿ ನಿಂತಿತು.

ಅವನು ಕಣ್ಣನ್ನು ಎಳೆಯ ಮೇಲೆ ತಂದ. ಉಸಿರು ಬಿಟ್ಟ. ಎಳೆ ಅದರಷ್ಟಕ್ಕೆ ಅದು ಕುಳಿತುಕೊಂಡಿತು.

ಸಂಜೆ ಗುರುಗಳು ಚಾಪೆ ಹಾಸಿದರು. ಮೂರು ಮೂಲೆ ನೆಲಕ್ಕೆ ಅಂಟಿದವು. ನಾಲ್ಕನೆಯದು ತುಸು ಎದ್ದಿತ್ತು.

"ಬಿಚ್ಚಲೇ, ಗುರುಗಳೇ?"

"ಬೇಡ. ಇಷ್ಟು ಹೆದರಿಕೆ ಇರಲಿ. ಅದೂ ಬೇಕು. ಈಗ ತಿರುಗಿ ನೋಡು."

ಇಂದುಧರ ತಿರುಗಿದ. ಬುಟ್ಟಿಗೆ ಬೆನ್ನು ತಾಗಿಸಿ ಕೆಂಚ ಮಲಗಿದ್ದ. ಅವನ ಬಾಲದ ತುದಿ ಒಂದು ಕಂಡಿಯೊಳಗೆ ಹೋಗಿತ್ತು. ಒಳಗಿನಿಂದ ಯಾರೋ ಅದನ್ನು ಹಿಡಿಯುತ್ತಿದ್ದರು, ಬಿಡುತ್ತಿದ್ದರು.

"ನಾಳೆ ಬುಟ್ಟಿ ಎತ್ತು" ಎಂದರು ಗುರುಗಳು.

"ನಾಳೆಯೇ? ಇನ್ನು ಕೆಲವು ದಿನ ಹೀಗೆಯೇ ಇದ್ದರೆ?"

"ಹೀಗೆಯೇ ಇದ್ದರೆ ಇದು ಜಗಲಿಯಲ್ಲೇ ಮುದಿಬೆಕ್ಕಾಗುತ್ತದೆ."

"ತಾವೇ ಎತ್ತಿ, ಗುರುಗಳೇ. ನನ್ನ ಕೈ ನಡುಗುತ್ತದೆ."

"ನಡುಗುವ ಕೈಯಿಂದಲೇ ಎತ್ತು. ಆದರೆ ಕೂಗಬೇಡ, ಹಾರಬೇಡ, ಎತ್ತಿಕೊಳ್ಳಬೇಡ. ಕೆಂಚ ಮೈ ಬಿಗಿದರೆ ಬುಟ್ಟಿಯನ್ನು ಮತ್ತೆ ಕೆಳಗಿಳಿಸು. ಅಷ್ಟೇ ನಿನ್ನ ಕೆಲಸ."

ಬೆಳಿಗ್ಗೆ ಕೆಂಚನಿಗೆ ಹೊಟ್ಟೆ ತುಂಬ ಅನ್ನವಾಯಿತು. ಮರಿಗೆ ಹಾಲಾಯಿತು. ದಾನಕ್ಕ ಕೈ ಒರೆಸುತ್ತ ಬಾಗಿಲಲ್ಲಿ ನಿಂತಳು. ಗುರುಗಳು ಒಳಗೆ, ತಮ್ಮ ಎಂದಿನ ಜಾಗದಲ್ಲಿ, ಹೊಸ ಚಾಪೆಯ ಅಂಚು ಹಾಕುತ್ತಿದ್ದರು.

ಇಂದುಧರ ಗೂಟದ ಕಟ್ಟು ಬಿಚ್ಚಿದ. ಬುಟ್ಟಿಯ ಅಂಚಿಗೆ ಬೆರಳು ಕೊಟ್ಟ. ಮೊಲದ ಕತ್ತು ಮತ್ತೆ ಕಣ್ಣ ಮುಂದೆ ಬಂತು.

ಎತ್ತಿದ.

ಮರಿ ಕುಳಿತಲ್ಲೇ ಕುಳಿತಿತ್ತು. ಕೆಂಚ ಎದ್ದ. ಕತ್ತು ಚಾಚಿದ. ನಡುವೆ ಈಗ ಏನೂ ಇರಲಿಲ್ಲ.

ಇಂದುಧರನ ಗಂಟಲಿಗೆ ಕೂಗು ಬಂತು. ಅವನು ಅದನ್ನು ನುಂಗಿದ.

ಕೆಂಚನ ಮೂಗು ಮರಿಯ ಹೊಟ್ಟೆಗೆ ತಾಗಿತು. ಮರಿ ಬುಸುಗುಟ್ಟಿತು, ಮುಂಗಾಲೆತ್ತಿ ಆ ಮೂಗಿನ ಮೇಲೆ ಒಂದೇಟು ಕೊಟ್ಟಿತು.

ಕೆಂಚನ ತುಟಿ ಮೇಲೆದ್ದಿತು. ಬಿಳಿಯ ಹಲ್ಲು ಕಂಡಿತು.

ಬುಟ್ಟಿ ಇಂದುಧರನ ಕೈಯಲ್ಲಿ ಗಾಳಿಯಲ್ಲೇ ನಿಂತಿತ್ತು. ಇಳಿಸಲೇ? ಕೆಂಚನ ಬೆನ್ನನ್ನು ನೋಡಿದ. ಬೆನ್ನು ಬಿಗಿದಿರಲಿಲ್ಲ.

ಕೆಂಚ ಸೀನಿದ. ಮತ್ತೊಮ್ಮೆ ಸೀನಿದ. ಆಮೇಲೆ ಅವಮಾನವಾದವನಂತೆ ಮುಖ ತಿರುಗಿಸಿಕೊಂಡು ಹೊಸ್ತಿಲ ಕಡೆಗೆ ನಡೆದ.

ಹೊಸ್ತಿಲು ದಾಟಿ ನಿಂತ. ಹಿಂದಿರುಗಿ ನೋಡಿದ. ಬಾಲ ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿತು.

ಮರಿ ಎದ್ದಿತು. ಆ ಬಾಲವನ್ನೇ ನೋಡುತ್ತ ಓಲಾಡಿಕೊಂಡು ನಡೆಯಿತು. ಹೊಸ್ತಿಲು ಅದಕ್ಕೆ ಎತ್ತರವಾಗಿತ್ತು. ಹತ್ತಿತು, ಜಾರಿತು, ಮತ್ತೆ ಹತ್ತಿತು. ಒಳಗೆ ಉರುಳಿಬಿತ್ತು.

ಕೆಂಚ ತನ್ನ ಹಳೆಯ ಚಾಪೆಯ ಮೇಲೆ ಹೋಗಿ ಮಲಗಿದ. ಮರಿ ಅದರ ಅಂಚಿನಲ್ಲಿ ನಿಂತಿತು. ಕೆಂಚ ನಿಟ್ಟುಸಿರು ಬಿಟ್ಟು ಹಿಂಗಾಲುಗಳನ್ನು ತುಸು ಒಳಗೆಳೆದುಕೊಂಡ.

"ಸರಿದ!" ಎಂದಳು ದಾನಕ್ಕ. ಅವಳ ದನಿ ಒದ್ದೆಯಾಗಿತ್ತು. "ನನಗಿಂತ ಬೇಗ ಸರಿದ, ಮುಂಡೇದು." ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದಳು.

ಜಗಲಿ ಬರಿದಾಯಿತು. ಇಂದುಧರ ಮಾತ್ರ ಇನ್ನೂ ಅಲ್ಲಿಯೇ ನಿಂತಿದ್ದ. ಎತ್ತಿದ ಬುಟ್ಟಿ ಎತ್ತಿದಂತೆಯೇ ಇತ್ತು. ಒಳಗೆ ಹೋಗಲು ಕಾಲು ಬರಲಿಲ್ಲ. ಹೋದರೆ ಕೆಂಚ ಎದ್ದಾನು. ಎದ್ದರೆ ಮರಿ ಹೆದರೀತು. ಹೆದರಿದರೆ...

"ಗುರುಗಳೇ," ಎಂದ ಹೊರಗಿನಿಂದಲೇ, "ಇನ್ನು ಭಯವಿಲ್ಲ ತಾನೇ?"

ಗುರುಗಳು ಅಂಚಿನ ಎಳೆಯನ್ನು ಮಡಚುತ್ತಿದ್ದರು.

"ಗುರುಗಳೇ, ನಾನು ಇಲ್ಲೇ ಇದ್ದು ನೋಡಿಕೊಳ್ಳಲೇ?"

ಒಳಗಿನ ಮಬ್ಬಿನಿಂದ, ಕೆಂಚನ ಚಾಪೆಯ ಕಡೆಯಿಂದ, ಸಣ್ಣದೊಂದು ದನಿ ಬಂತು. ಕಸದ ರಾಶಿಯ ಮೇಲೆ ಕೇಳಿದ್ದ ಅದೇ ಕೀರಲು ದನಿ. ಒಮ್ಮೆ ಬಂತು. ತಡೆದು, ಮತ್ತೊಮ್ಮೆ ಬಂತು.

ಗುರುಗಳು ಎಳೆಯಿಂದ ಕಣ್ಣೆತ್ತಲಿಲ್ಲ.

"ಬುಟ್ಟಿ ಕೆಳಗಿಟ್ಟು ಬಾ, ಇಂದುಧರ. ಕಡೆಗೆ ಬಂದವಳು ಕರೆಯುತ್ತಿದ್ದಾಳೆ."